ಚಾಪೆ ಬೀದಿಯ ಬೋಣಿ

ಹನೋಯಿ, ಚಾಪೆ ಬೀದಿ
12 ಅಕ್ಟೋಬರ್ 2024

ಪ್ರೀತಿಯ ಥ್ವಾ ಚಿಕ್ಕಮ್ಮನಿಗೆ,

ಇವತ್ತು ಬೆಳಗ್ಗೆ ಸುಟ್ಟ ಕಾಗದದ ಒಂದು ಚೂರು ಮೂಯ್ ಅಜ್ಜಿಯ ಪಾತ್ರೆಯ ಆವಿಯ ಮೇಲೆ ಬಹಳ ಹೊತ್ತು ತೇಲುತ್ತಿತ್ತು. ಮೇಲಕ್ಕೂ ಹೋಗದೆ, ಕೆಳಕ್ಕೂ ಇಳಿಯದೆ, ಎಲ್ಲಿ ಕೂರಲಿ ಎಂದು ಯೋಚಿಸುವ ಕರಿ ಚಿಟ್ಟೆಯ ಹಾಗೆ. ಕೊನೆಗೆ ಅದು ಬಂದು ನನ್ನ ತೋಳಿನ ಮೇಲೆ ಕೂತಿತು.

ನಾನೀಗ ಕೆಲಸ ಮಾಡುವ ಪ್ರವಾಸದ ಕಚೇರಿಯವರು ಬೆಳಗಿನ ಹೊತ್ತು ಹೊರದೇಶದ ಅತಿಥಿಗಳನ್ನು ನನ್ನ ಹಿಂದೆ ಬಿಡುತ್ತಾರೆ. ಅವರನ್ನು ನಮ್ಮ ಹಳೇ ಬೀದಿಗಳಲ್ಲಿ ನಡೆಸಿ, ತಿನ್ನಿಸಿ, ಕೆರೆ ತೋರಿಸಿ, ಹೋಟೆಲಿಗೆ ತಲುಪಿಸಬೇಕು. ಮಾತು ಬಾರದವಳಿಗೆ ಮಾತಿನ ಕೆಲಸ ಎಂದು ನೀವು ನಗುತ್ತೀರಿ. ಆದರೆ ಬಾಯಿ ತುಂಬ ಶ್ಯಾವಿಗೆ ಇರುವವರ ಜೊತೆ ಹೆಚ್ಚು ಮಾತಾಡಬೇಕಾಗಿ ಬರುವುದಿಲ್ಲ.

ಇವತ್ತು ಬೇಗ ಬಂದುಬಿಟ್ಟೆವು. ಮೂಯ್ ಅಜ್ಜಿ ಹಳೇ ಕೋಟೆಯ ಹೆಬ್ಬಾಗಿಲ ಪಕ್ಕದಲ್ಲಿ ಆಗಷ್ಟೇ ಪುಟ್ಟ ಸ್ಟೂಲುಗಳನ್ನು ಹರಡಿ, ಬಸವನಹುಳುವಿನ ಸಾರಿನ ಮುಚ್ಚಳ ತೆಗೆದಿದ್ದರು. ಬೋಣಿ ಆಗಿರಲಿಲ್ಲ. ಅತಿಥಿಗಳಲ್ಲಿ ಎಲ್ಲರಿಗಿಂತ ಉದ್ದನೆಯವನು ಬಾಗಿ ಪಾತ್ರೆಯೊಳಗೆ ಮೂಗು ಹಾಕಿದ, ಬೆಲೆ ಕೇಳಿದ, ಹುಳುಗಳನ್ನು ಕಂಡು ನಕ್ಕ, ಆಮೇಲೆ ನೋಡೋಣ ಎನ್ನುವಂತೆ ಕೈಯಾಡಿಸಿ ಹೊರಟ. ಉಳಿದವರೂ ಅವನ ಹಿಂದೆ. ಅಜ್ಜಿ ತಡಮಾಡಲಿಲ್ಲ. ಹಳೇ ಪತ್ರಿಕೆಯ ಹಾಳೆಗೆ ಬೆಂಕಿ ಹಚ್ಚಿ, ಪಾತ್ರೆಗೆ, ಸ್ಟೂಲುಗಳಿಗೆ, ಕೊನೆಗೆ ಅವನು ನಿಂತಿದ್ದ ಜಾಗಕ್ಕೆ ನಿವಾಳಿಸಿದರು. ಅತಿಥಿಗಳು ಓಡಿಬಂದು ಫೋಟೋ ತೆಗೆದುಕೊಂಡರು. "ಯಾತಕ್ಕೆ ಪ್ರಾರ್ಥಿಸುತ್ತಿದ್ದಾರೆ?" ಎಂದು ಒಬ್ಬಾಕೆ ಕೇಳಿದಳು. "ನಿಮ್ಮ ಆರೋಗ್ಯಕ್ಕೆ" ಎಂದೆ. ಆಕೆ ಕೈಮುಗಿದಳು.

"ಏ ಮಿಯೆನ್," ಎಂದರು ಅಜ್ಜಿ, "ಬೋಣಿಗೆ ಮುಂಚೆ ಈ ಜಿರಾಫೆಗಳನ್ನ ಕರ್ಕೊಂಡು ಬರಬೇಡ ಕಣೇ. ಮೊದಲನೇವನು ಮೂಸಿ ಹೋದ್ರೆ ಇಡೀ ದಿನ ಮೂಸಿ ಹೋಗೋರೇ ಬರ್ತಾರೆ." ಆಮೇಲೆ ನನಗೂ ಒಂದು ಮಾತು ಅಂದರು. ಅದನ್ನು ಇಲ್ಲಿ ಬರೆಯುವುದಿಲ್ಲ.

ನಿಮ್ಮ ಹಿಂದಿನ ಪತ್ರವನ್ನು ಮತ್ತೆ ಮತ್ತೆ ಓದಿದೆ. ಹೊಸವರ್ಷದ ತೆತ್ ಹಬ್ಬಕ್ಕೆ ಪ್ರಾಗ್ ಬಿಟ್ಟು ಬರುವ ಯೋಚನೆ, ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ನಿಮ್ಮಮ್ಮ ಮಾರುತ್ತಿದ್ದ ಗದ್ದೆ ಏಡಿಯ ಶ್ಯಾವಿಗೆಯನ್ನು ಮತ್ತೆ ಶುರುಮಾಡುವ ಯೋಚನೆ. ಚಪ್ಪಲಿ ಅಂಗಡಿಯವರು ಕೋಣೆ ಖಾಲಿ ಮಾಡಿದ್ದಾರೆ. ಅಮ್ಮ ಹೋದಮೇಲೆ ಈ ಮನೆಯ ಬಾಗಿಲಲ್ಲಿ ಇರುವುದು ನನ್ನದೊಂದೇ ಜೊತೆ ಚಪ್ಪಲಿ. ಬನ್ನಿ.

ನೀವು ಹೇಳಿದಂತೆ ಎಳೆ ಭತ್ತದ ಅವಲಕ್ಕಿ ತಿಂದೆ. ತಾವರೆ ಎಲೆ ಬಿಚ್ಚಿದಾಗ ಗದ್ದೆಯ ಮೇಲೆ ಬೆಳದಿಂಗಳು ಬಿದ್ದ ಹಾಗಿತ್ತು. ರುಚಿಯೂ ಹಾಗೆಯೇ.

ನಿಮ್ಮ
ಮಿಯೆನ್

ಪ್ರಾಗ್
27 ಅಕ್ಟೋಬರ್ 2024

ಮಿಯೆನ್ ಮರಿಗೆ,

ಬೆಳದಿಂಗಳಿಗೆ ಉಪ್ಪು ಎಷ್ಟು ಹಾಕುತ್ತಾರೆ? ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಸಾಹಿತ್ಯ ಓದಿ ಒಂದು ಅವಲಕ್ಕಿಯ ರುಚಿ ಹೇಳಲು ಬರದಿದ್ದರೆ ಆ ಪದವಿಯನ್ನು ತಾವರೆ ಎಲೆಯಲ್ಲಿ ಕಟ್ಟಿ ಮಾರಿಬಿಡು.

ಸರಿಯಾಗಿ ಹೇಳು. ಮೊದಲು ಏನು ಬಂತು, ಸಿಹಿಯೋ ಹಸಿ ವಾಸನೆಯೋ? ಅಗಿದ ಮೇಲೆ ಹಿಟ್ಟಾಯಿತೋ ಅಂಟಾಯಿತೋ? ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಏನು ಉಳಿಯಿತು? ಫೋನಿನಲ್ಲಿ ನೀನು "ಹ್ಞೂಂ" ಬಿಟ್ಟು ಇನ್ನೊಂದು ಅಕ್ಷರ ಆಡುವುದಿಲ್ಲವೆಂದೇ ತಾನೇ ಕಾಗದ ಬರೆಸುತ್ತಿರುವುದು. ಕಾಗದದಲ್ಲೂ ಮೂಗಿಯಾದರೆ ಹೇಗೆ?

ಈ ಭಾನುವಾರಗಳಲ್ಲಿ ಹೋಗಬೇಕಾದ ಜಾಗ: ಪಶ್ಚಿಮದ ಕೆರೆ, ಸಿಗಡಿ ವಡೆ. ಉದ್ದ ಸೇತುವೆಯ ಬುಡದಲ್ಲಿ ಏಡಿ ಶ್ಯಾವಿಗೆ ಮಾರುವವರು ಯಾರಾದರೂ ಇದ್ದರೆ, ಅವರದು. ಏಡಿಯ ಸಾರಿನಲ್ಲಿ ಹುಳಿಗೆ ಈಗ ಏನು ಹಾಕುತ್ತಾರೆ? ನಮ್ಮಮ್ಮ ಹಾಕುತ್ತಿದ್ದ, ಅಕ್ಕಿ ಹೆಂಡ ಸೋಸಿ ಉಳಿದ ಮಡ್ಡಿಯ ಹುಳಿಯೋ, ಬಾಟಲಿಯದೋ? ಮೂರು ಚಮಚ ಕುಡಿ. ಮೂರಕ್ಕೂ ಬೇರೆ ಬೇರೆ ಬರೆ.

ಅಂಗಡಿ ತೆರೆಯುವುದು ಹಬ್ಬದ ಆರನೆಯ ದಿನ ಎಂದುಕೊಂಡಿದ್ದೇನೆ. ಬೋಣಿಗೆ ಒಳ್ಳೆ ಕಾಲ್ಗುಣದವರು ಬೇಕು. ಲೊಕ್ ತಾತ ಇದ್ದಾರಾ ಇನ್ನೂ? ನಿನಗೆ ಧೈರ್ಯ ಬಂದಾಗ ಕೇಳಿನೋಡು. ಅವರು ಒಪ್ಪದಿದ್ದರೆ ನೀನೇ ಇದ್ದೀಯಲ್ಲ.

ಮೂಯ್ ಅಜ್ಜಿ ನಿನಗೆ ಏನಂದಳು? ಅವಳು ಒಳ್ಳೆಯ ಮಾತನ್ನೂ ಬೈದೇ ಹೇಳುವುದು.

ಚಿಕ್ಕಮ್ಮ

ಹನೋಯಿ
10 ನವೆಂಬರ್ 2024

ಪ್ರೀತಿಯ ಚಿಕ್ಕಮ್ಮನಿಗೆ,

ನೀವು ನನ್ನ ಬರವಣಿಗೆ ತಿದ್ದುತ್ತಿದ್ದೀರಿ ಎಂದು ಅರ್ಥವಾಯಿತು. ನಮ್ಮ ಮೇಷ್ಟ್ರುಗಳು ಯಾರೂ ಇಷ್ಟು ಕೆಂಪು ಶಾಯಿ ಹಾಕಿರಲಿಲ್ಲ.

ಸೇತುವೆಯ ಬುಡಕ್ಕೆ ಹೋದ ದಿನ ಮಂಜು. ನದಿ ಕಾಣುತ್ತಿರಲಿಲ್ಲ, ನಡುವಿನ ದಿಬ್ಬದ ಬಾಳೆಗಿಡಗಳು ಯಾವ ಆಧಾರವೂ ಇಲ್ಲದೆ ಬಿಳುಪಿನಲ್ಲಿ ನಿಂತಿದ್ದವು. ತಲೆಯ ಮೇಲೆ ರೈಲು ಹೋಯಿತು. ಅದೂ ಕಾಣಲಿಲ್ಲ, ಕೇಳಿಸಿತು ಅಷ್ಟೆ. ಬಟ್ಟಲು ಕೈಗೆ ಬಂದಾಗ ಇಡೀ ಊರಿನಲ್ಲಿ ಬಣ್ಣವಿರುವ ವಸ್ತು ಅದೊಂದೇ ಎನಿಸಿತು. ಕ್ಷಮಿಸಿ, ಉಪ್ಪಿಗೆ ಬರುತ್ತೇನೆ.

ಮೊದಲ ಚಮಚ: ಟೊಮೆಟೊ ಮುಂದೆ, ಉಪ್ಪು ಅದರ ಬೆನ್ನಿಗೆ. ಎರಡನೆಯದು: ಏಡಿಯ ಕೆನೆ, ಸ್ವಲ್ಪ ಕೆಸರಿನ ಸಿಹಿ. ಮೂರನೆಯದರಲ್ಲಿ ಹುಳಿ ಬಂತು, ಆದರೆ ಬಾಟಲಿಯ ಹುಳಿ. ಹಲ್ಲಿಗೆ ತಾಗಿ ಅಲ್ಲೇ ನಿಂತುಬಿಡುತ್ತದೆ, ಗಂಟಲಿಗೆ ಇಳಿಯುವುದಿಲ್ಲ. ಸಿಗಡಿ ವಡೆ ಗರಿಗರಿ, ಎಣ್ಣೆ ಮಾತ್ರ ನಿನ್ನೆಯದು. ಹೀಗೆ ತಿನ್ನುವಾಗ ನಾನು ಬೇರೆಯೇ ಯಾರೋ ಆಗುತ್ತೇನೆ. ಮೊದಲು ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದೆ, ಈಗ ಬಟ್ಟಲು ಹೇಳುವುದನ್ನು ಕೇಳಿಸಿಕೊಳ್ಳುತ್ತಿದ್ದೇನೆ.

ಲೊಕ್ ತಾತ ಇದ್ದಾರೆ. ಅವರ ಕಾಲ್ಗುಣಕ್ಕೆ ಈಗ ಎಷ್ಟು ಬೇಡಿಕೆ ಎಂದರೆ, ಬೆಳಗ್ಗೆ ಮೂಯ್ ಅಜ್ಜಿಯಲ್ಲಿ ಬಸವನಹುಳು, ಮೂಲೆಯಲ್ಲಿ ಅನ್ನದ ಗಂಜಿ, ಸಕ್ಕರೆ ಬೀದಿಯಲ್ಲಿ ಹಬೆಯ ದೋಸೆ, ಆಮೇಲೆ ಕಾಫಿ, ಎಲ್ಲ ಕಡೆಯೂ ಅವರದೇ ಬೋಣಿ. ಎಲ್ಲರೂ ಅರ್ಧ ಬಟ್ಟಲು ಬಡಿಸಿಟ್ಟು ದಾರಿ ಕಾಯುತ್ತಾರೆ. "ಡಾಕ್ಟ್ರು ಉಪ್ಪು ಬಿಡಿ ಅಂದವ್ರೆ," ಎಂದು ಮೂಯ್ ಅಜ್ಜಿಯ ಹತ್ತಿರ ಗೋಳಾಡುತ್ತಿದ್ದರು. "ಡಾಕ್ಟ್ರ ಮನೆ ಬೋಣಿ ಯಾರು ಮಾಡ್ತಾರೆ ಕೇಳು," ಎಂದರು ಅಜ್ಜಿ, "ನೀನು ಬರ್ದಿದ್ರೆ ನನ್ನ ಹುಳುಗಳು ಸಾಯಂಕಾಲ ಎದ್ದು ಮನೆಗೆ ಹೋಗ್ತವೆ."

ಅವರು ತಿಂದು ಏಳುವವರೆಗೆ ನಾನು ನನ್ನ ಅತಿಥಿಗಳೊಂದಿಗೆ ಹೆಬ್ಬಾಗಿಲ ಆಚೆ ಬದಿಯಲ್ಲಿ ಅಡಗಿ ನಿಲ್ಲುತ್ತೇನೆ. ಹೆಬ್ಬಾಗಿಲಿನ ಇತಿಹಾಸ ಹೇಳುತ್ತ ಹೊತ್ತು ಕಳೆಯುತ್ತೇನೆ. ಲೊಕ್ ತಾತ ನಿಧಾನವಾಗಿ ತಿಂದ ದಿನ ಇತಿಹಾಸ ಉದ್ದವಾಗುತ್ತದೆ.

ಆರನೆಯ ದಿನದ ಮಾತನ್ನು ಅವರಿಗೆ ಇನ್ನೂ ಕೇಳಿಲ್ಲ. ಕೇಳುತ್ತೇನೆ. ನಾನೇ ಮಾಡಬಹುದು ಎಂದಿರಲ್ಲ, ಅದು ಬೇಡ ಚಿಕ್ಕಮ್ಮ. ಲೊಕ್ ತಾತನೇ ಸರಿ.

ಮಿಯೆನ್

ಪ್ರಾಗ್
4 ಡಿಸೆಂಬರ್ 2024

ಮಿಯೆನ್,

ಈ ವರ್ಷ ಬೇಡ ಎಂದು ತೀರ್ಮಾನಿಸಿದ್ದೇನೆ. ಮುಂದಿನ ತೆತ್‌ಗೆ ನೋಡೋಣ, ಅಥವಾ ಅದರ ಮುಂದಿನದಕ್ಕೆ. ಕೋಣೆಯನ್ನು ಯಾರಿಗಾದರೂ ಬಾಡಿಗೆಗೆ ಕೊಡು.

ಮೂಯ್ ಅಜ್ಜಿಯ ಸೋದರಳಿಯ ಇಲ್ಲಿಯ ಮಾರುಕಟ್ಟೆಯಲ್ಲಿ ಸಿಕ್ಕಿದ್ದ. ಊರಿಗೆ ಹೋಗಿಬಂದನಂತೆ. ಚಾಪೆ ಬೀದಿಯ ಸುದ್ದಿಯನ್ನೆಲ್ಲ ಹೇಳಿದ. ಕೇಳಿದಮೇಲೆ ನನಗೆ ಧೈರ್ಯ ಸಾಲದು ಅನ್ನಿಸಿತು.

ಇಲ್ಲಿ ಹಿಮ ಬೀಳುತ್ತಿದೆ. ಇಲ್ಲಿಯ ನನ್ನ ಶ್ಯಾವಿಗೆ ಅಂಗಡಿಯಲ್ಲಿ ಸಾರು ಬಿಸಿ ಇದ್ದರೆ ಸಾಕು, ಜನ ಸಂತೋಷಪಡುತ್ತಾರೆ. ಲೊಕ್ ತಾತನಿಗೆ ಏನೂ ಹೇಳಬೇಡ.

ತಿನ್ನುವುದನ್ನು ಬಿಡಬೇಡ.

ಚಿಕ್ಕಮ್ಮ

ಹನೋಯಿ
18 ಡಿಸೆಂಬರ್ 2024

ಚಿಕ್ಕಮ್ಮನಿಗೆ,

ಸೋದರಳಿಯ ಹೇಳಿದ ಸುದ್ದಿ ಏನೆಂದು ನನಗೆ ಗೊತ್ತು. ನಾನೇ ಮೊದಲು ಬರೆಯಬೇಕಿತ್ತು.

ಅವತ್ತು ಮೂಯ್ ಅಜ್ಜಿ ನನಗೆ ಹೇಳಿದ್ದು ಇದು: "ನಿನ್ನ ತಪ್ಪಲ್ಲ ಮಗಾ, ನಿನ್ನ ಕಾಲ್ಗುಣ ಭಾರ. ಹುಲಿ ವರ್ಷದಲ್ಲಿ ಹುಟ್ಟಿದ ಹುಡುಗಿ. ಬರೋದು ಹಾವಿನ ವರ್ಷ, ಹುಲಿಗೂ ಹಾವಿಗೂ ಆಗಲ್ಲ. ಯಾರ ಬೋಣಿಗೂ ಮುಂದೆ ನಿಂತ್ಕೋಬೇಡ." ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆಮೇಲೆ ಒಂದು ಬಟ್ಟಲು ತುಂಬಿಸಿ ಕೊಟ್ಟು, ತಿನ್ನುವವರೆಗೆ ಎದುರಿಗೇ ಕೂತಿದ್ದರು. ಅದಕ್ಕೇ ಹೆಚ್ಚು ನೋವಾಯಿತು. ಈಗ ಬೀದಿಯಲ್ಲಿ ಎಲ್ಲರೂ ನನ್ನನ್ನು ನೋಡಿ ಮುಗುಳ್ನಗುತ್ತಾರೆ, ಆದರೆ ಬೆಳಗ್ಗೆ ಅಂಗಡಿ ತೆರೆಯುವಾಗ ನಾನು ಹಾದುಹೋದರೆ ಬೆನ್ನು ತಿರುಗಿಸಿ ಏನಾದರೂ ಜೋಡಿಸತೊಡಗುತ್ತಾರೆ. ನಾನೂ ನೋಡದವಳ ಹಾಗೆ ನಡೆಯುತ್ತೇನೆ.

ನೀವು ನೇರವಾಗಿ ಬರೆಯಬಹುದಿತ್ತು. ನಿಮ್ಮ ಅಂಗಡಿಯ ಮೊದಲ ವರ್ಷಕ್ಕೆ ನನ್ನ ನೆರಳು ಬೀಳಬಾರದು ಎಂದಾದರೆ, ಅದಕ್ಕಾಗಿ ನೀವು ಬರುವುದನ್ನೇ ನಿಲ್ಲಿಸಬೇಕಾಗಿಲ್ಲ. ಹಬ್ಬದ ಹಿಂದಿನ ದಿನದಿಂದ ನಾನು ನದಿಯಾಚೆ ಗೆಳತಿಯ ಮನೆಯಲ್ಲಿ ಇರುತ್ತೇನೆ, ಆರನೆಯ ದಿನ ಕಳೆಯುವವರೆಗೆ. ನಿಮ್ಮ ಹೊಸಿಲನ್ನು ನಾನು ದಾಟುವುದಿಲ್ಲ. ಬೀಗದ ಕೈ ಮೂಯ್ ಅಜ್ಜಿಯ ಹತ್ತಿರ ಇರುತ್ತದೆ.

ಇವತ್ತು ಬೆಳ್ಳಿ ಬೀದಿಯಲ್ಲಿ ಸುಟ್ಟ ಗೆಣಸು ತಿಂದೆ. ಸಿಹಿ. ಇನ್ನೇನೂ ಗೊತ್ತಾಗಲಿಲ್ಲ.

ಮಿಯೆನ್

ಪ್ರಾಗ್
2 ಜನವರಿ 2025

ನನ್ನ ಮಂಕೇ,

ನಿನ್ನ ಕಾಗದವನ್ನು ಅಂಗಡಿಯಲ್ಲೇ ಒಡೆದು ಓದಿದೆ. ಆಮೇಲೆ ಗಿರಾಕಿಗಳನ್ನೆಲ್ಲ ಬೇಗ ಬೇಗ ಉಣ್ಣಿಸಿ ಕಳಿಸಿ ಬಾಗಿಲು ಹಾಕಿದೆ.

ಸೋದರಳಿಯ ನಿನ್ನ ಹೆಸರನ್ನೇ ಎತ್ತಲಿಲ್ಲ. ಅವನು ಹೇಳಿದ್ದು, ಚಾಪೆ ಬೀದಿಯ ಸುತ್ತ ಏಡಿ ಶ್ಯಾವಿಗೆಯ ಹೊಸ ಅಂಗಡಿಗಳು ಬಂದಿವೆ, ಜನ ಒಂದು ಚಮಚ ಕುಡಿದೇ ತೀರ್ಪು ಕೊಟ್ಟು ಎದ್ದುಹೋಗುತ್ತಾರೆ ಎಂದು. ಅದು ಕೇಳಿ ಮನೆಗೆ ಬಂದವಳೇ ನಿನಗೆ ಬೇಡ ಎಂದು ಬರೆದೆ. ಯಾಕೆಂದರೆ ಆ ಒಂದು ಚಮಚ ನನಗೆ ಗೊತ್ತಾಗುವುದಿಲ್ಲ.

ಹಿಂದೊಮ್ಮೆ ಜ್ವರ ಬಂದು ಆಸ್ಪತ್ರೆಯಲ್ಲಿದ್ದೆನಲ್ಲ, ಅವತ್ತಿನಿಂದ ನನ್ನ ನಾಲಿಗೆ ಸತ್ತಿದೆ ಮಿಯೆನ್. ಮೂಗೂ ಅಷ್ಟೆ. ಬಿಸಿ ಗೊತ್ತಾಗುತ್ತದೆ, ಖಾರ ಉರಿಯುತ್ತದೆ; ಉಪ್ಪು, ಹುಳಿ, ಏಡಿಯ ಸಿಹಿ ಯಾವುದೂ ಇಲ್ಲ. ಬಾಯಲ್ಲಿ ಒದ್ದೆ ಬಟ್ಟೆ ಇಟ್ಟುಕೊಂಡ ಹಾಗೆ. ಕೈಗೆ ಅಭ್ಯಾಸವಿದೆ, ಅದರ ಮೇಲೆ ಇಲ್ಲಿ ಹೇಗೋ ನಡೆಯುತ್ತಿದೆ. ಯಾರಿಗೂ ಹೇಳಿಲ್ಲ. ಅಡುಗೆಯವಳು ತನಗೆ ರುಚಿ ತಿಳಿಯದು ಎಂದು ಯಾರ ಮುಂದೆ ಹೇಳಿಕೊಳ್ಳುತ್ತಾಳೆ?

ನಾನು ನಿನ್ನ ಬರವಣಿಗೆ ತಿದ್ದುತ್ತಿರಲಿಲ್ಲ. ಊಟ ಮಾಡುತ್ತಿದ್ದೆ. ನಿನ್ನ ಸೇತುವೆಯ ಕಾಗದವನ್ನು ಬಟ್ಟಲಿನ ಪಕ್ಕ ಇಟ್ಟುಕೊಂಡು ಓದುತ್ತ ಸಾರು ಕುಡಿದೆ. ಮೂರನೆಯ ಚಮಚಕ್ಕೆ ನಿಜವಾಗಿ ಹಲ್ಲು ಚುಳ್ ಎಂದ ಹಾಗಾಯಿತು. ಸುಳ್ಳೇ ಇರಬಹುದು, ಆದರೂ ಕಣ್ಣಲ್ಲಿ ನೀರು ಬಂತು.

ಇನ್ನು ನಿನ್ನ ಕಾಲ್ಗುಣದ ವಿಷಯ. ಮೂಯ್ ಅಜ್ಜಿ ಹೇಳಿದ್ದಾಳೆ ಅಂದರೆ ಇದ್ದರೂ ಇರಬಹುದು, ಅವಳು ಈ ವಿಷಯದಲ್ಲಿ ತಪ್ಪುವುದು ಕಡಿಮೆ. ಭಾರದ್ದೋ ಹಗುರದ್ದೋ, ಆ ಕಾಲನ್ನು ಹಬ್ಬದ ದಿನ ಗೆಳತಿಯ ಮನೆಯಲ್ಲಿ ಇಡುತ್ತೇನೆ ಅಂದೆಯಲ್ಲ, ಅದಕ್ಕೆ ಮಾತ್ರ ಬೈಯಬೇಕು ಅನ್ನಿಸಿತು. ಬೈಯುವುದಕ್ಕಾದರೂ ಬರಬೇಕಲ್ಲ. ಟಿಕೆಟ್ ತೆಗೆದಿದ್ದೇನೆ. ಜನವರಿ ಇಪ್ಪತ್ತನಾಲ್ಕಕ್ಕೆ ಬರುತ್ತೇನೆ. ನೀನು ಮನೆಯಲ್ಲಿರಬೇಕು.

ಅಂಗಡಿ ಆರನೆಯ ದಿನವೇ ತೆರೆಯೋಣ. ಲೊಕ್ ತಾತನಿಗೆ ಹೇಳು. ಅವರು ಕೂತು ತಿಂದರೆ ಬೀದಿ ಒಂದು ದಿನವಾದರೂ ನಂಬುತ್ತದೆ. ಆಮೇಲಿನದು ಆಮೇಲೆ. ನಾಲಿಗೆಯ ವಿಷಯ ಗೊತ್ತಿರುವುದು ನಿನಗೊಬ್ಬಳಿಗೇ.

ಚಿಕ್ಕಮ್ಮ

ಹನೋಯಿ, ಚಾಪೆ ಬೀದಿ
2 ಫೆಬ್ರವರಿ 2025, ಮಧ್ಯಾಹ್ನ

ಪ್ರೀತಿಯ ಚಿಕ್ಕಮ್ಮನಿಗೆ,

ಈ ಕಾಗದಕ್ಕೆ ಅಂಚೆ ಬೇಡ. ನೀವು ಮೇಲಿನ ಕೋಣೆಯಲ್ಲಿ ಮಲಗಿದ್ದೀರಿ, ನಾನು ಕೆಳಗೆ ಏಡಿ ಕುಟ್ಟುವ ಒರಳಿನ ಪಕ್ಕ ಕೂತು ಬರೆಯುತ್ತಿದ್ದೇನೆ. ನೀವು ಬಂದು ಹತ್ತು ದಿನವಾಗುತ್ತಾ ಬಂತು. ಪೀಚ್ ಹೂವಿನ ಕೊಂಬೆ ತಂದೆವು, ಕೆರೆ ಸುತ್ತಿದೆವು, ಅಮ್ಮನ ಚಿತ್ರದ ಮುಂದೆ ಕೂತೆವು, ಹೋದ ವರ್ಷದ ಬಿರುಗಾಳಿಗೆ ಬಿದ್ದ ಮರಗಳ ಜಾಗ ನೋಡಿ ನೀವು ದಾರಿ ತಪ್ಪಿದಿರಿ. ಇಷ್ಟು ದಿನ ಒಂದೇ ಮನೆಯಲ್ಲಿದ್ದರೂ ನಿನ್ನೆಯ ಸಾರಿನ ಮಾತನ್ನು ಬಾಯಿಂದ ಹೇಳಲು ನನಗೆ ಆಗಲಿಲ್ಲ. ಎದ್ದ ಮೇಲೆ ಓದಿ.

ನಿನ್ನೆ ಪರೀಕ್ಷೆಗೆಂದು ಸಾರು ಮಾಡಿದಿರಿ. ಏಡಿ ತೊಳೆದಿದ್ದು, ಕುಟ್ಟಿದ್ದು, ಸೋಸಿದ್ದು, ಕೆನೆ ಒಡೆಯದಂತೆ ಸೌಟನ್ನು ಒಂದೇ ದಿಕ್ಕಿಗೆ ಆಡಿಸಿದ್ದು, ಎಲ್ಲವನ್ನೂ ನೋಡುತ್ತ ನಿಂತಿದ್ದೆ. ನಿಮ್ಮ ಕೈ ಒಂದು ಸಲವೂ ತಡವರಿಸಲಿಲ್ಲ. ಉಪ್ಪಿನ ಡಬ್ಬಿಯ ಹತ್ತಿರ ಮಾತ್ರ ನಿಂತಿತು, ಕತ್ತಲೆಯಲ್ಲಿ ಮೆಟ್ಟಿಲು ಹುಡುಕುವ ಪಾದದ ಹಾಗೆ. ಆಮೇಲೆ ಹಾಕಿದಿರಿ, ಮತ್ತೆ ಹಾಕಿದಿರಿ.

ಮೂಯ್ ಅಜ್ಜಿ ಕುಡಿದು "ಪರವಾಗಿಲ್ಲ ಕಣೇ, ನಿಮ್ಮಮ್ಮನ ಮಗಳೇ ನೀನು" ಎಂದರು. ಅವರು ಹೊಗಳುವಾಗ ಬೈಯಲಿಲ್ಲ. ಆಗಲೇ ನನಗೆ ಗೊತ್ತಾಯಿತು. ನೀವು ನನ್ನ ಕಡೆ ತಿರುಗಿ "ನಿನಗೆ ಹೇಗನ್ಸುತ್ತೆ?" ಎಂದಿರಿ. "ಚೆನ್ನಾಗಿದೆ" ಎಂದೆ. ನೀವು ಒಂದು ಕ್ಷಣ ನನ್ನನ್ನೇ ನೋಡಿ, ಸೌಟು ತೊಳೆಯಲು ಹೋದಿರಿ.

ಚೆನ್ನಾಗಿರಲಿಲ್ಲ ಚಿಕ್ಕಮ್ಮ. ಉಪ್ಪು ಎಲ್ಲರಿಗಿಂತ ಮುಂದೆ ಓಡಿತ್ತು. ಅಕ್ಕಿ ಮಡ್ಡಿಯ ಹುಳಿ ಎಲ್ಲೋ ಹಿಂದೆ, ಬಾಗಿಲ ಸಂದಿಯಲ್ಲಿ ನಿಂತ ನನ್ನಂಥವರ ಹಾಗೆ. ಆದರೆ ಅಡಿಯಲ್ಲಿದ್ದ ಏಡಿಯ ಸಿಹಿಯಂಥದ್ದು ನಾನು ಈ ಊರಿನಲ್ಲಿ ತಿಂದ ಯಾವ ಬಟ್ಟಲಿನಲ್ಲೂ ಇರಲಿಲ್ಲ. ಉಪ್ಪು ಅರ್ಧ ಮಾಡಿ ಹುಳಿ ಇನ್ನೊಂದು ಸೌಟು ಹಾಕಿದರೆ ಅದು ಮೇಲೆ ಬರುತ್ತದೆ. ನನಗೆ ಖಂಡಿತ ಗೊತ್ತು. ನನಗೆ ಖಂಡಿತ ಗೊತ್ತಿರುವುದು ಬಹಳ ಕಡಿಮೆ, ಇದು ಅದರಲ್ಲಿ ಒಂದು.

ಇವತ್ತು ಬೆಳಗ್ಗೆ ಲೊಕ್ ತಾತನ ಮನೆಗೆ ಹೋಗಿದ್ದೆ. ನಾಳೆ, ಹಬ್ಬದ ಆರನೆಯ ದಿನದ ನಮ್ಮ ಬೋಣಿಯನ್ನು ನೆನಪಿಸಲು ಎಂದುಕೊಂಡೇ ಹೋದೆ. ಪಂಜರದ ಹಕ್ಕಿಗೆ ನೀರಿಡುತ್ತಿದ್ದರು. ಅಷ್ಟೆಲ್ಲ ಅಂಗಡಿಗಳಿಗೆ ನಿಮ್ಮಿಂದ ಹೇಗೆ ಒಳ್ಳೆಯದಾಗುತ್ತದೆ ತಾತ ಎಂದು ಕೇಳಿಬಿಟ್ಟೆ. ನಕ್ಕರು. "ಅಯ್ಯೋ ಮರಿ, ಕಾಲಲ್ಲಿ ಏನೈತೆ? ಈ ಕಾಲಿಗೆ ಬರೀ ವಾತ. ಕೂತ್ಕೋತೀನಿ, ಬೆಲೆ ಕೇಳಲ್ಲ, ಏನು ಕೊಟ್ರೂ 'ಆಹಾ' ಅಂತೀನಿ. ಗಂಜಿಯವಳು ಒಂದಿನ ಉಪ್ಪೇ ಮರೆತಿದ್ಲು, ಅವತ್ತೂ 'ಆಹಾ' ಅಂದೆ. ಪಾಪ, ಬೆಳಗ್ಗೆ ಬೆಳಗ್ಗೆ ಯಾಕೆ ಮನಸ್ಸು ಮುರೀಬೇಕು?"

"ಆಮೇಲೆ ಬಂದವರು?" ಎಂದೆ.

"ಅವರು ಉಪ್ಪು ಕೇಳಿ ಹಾಕ್ಕೊಂಡ್ರು. ಗಂಜಿಗೆ ನಡೀತದೆ."

ಏಡಿಯ ಸಾರಿಗೆ ನಡೆಯುವುದಿಲ್ಲ. ಹಾಕಿದ ಉಪ್ಪನ್ನು ಯಾರೂ ಕೇಳಿ ತೆಗೆಸಿಕೊಳ್ಳಲಾರರು. ಆಮೇಲೆ, ನಾಳೆ ನಮ್ಮಲ್ಲಿಗೆ ನಿಮ್ಮ ಬೇರೆ ಬೋಣಿಗಳೆಲ್ಲ ಮುಗಿದ ಮೇಲೆ ಬನ್ನಿ, ಹೊಟ್ಟೆಯಲ್ಲಿ ಜಾಗ ಇಟ್ಟುಕೊಂಡು ಬನ್ನಿ ಎಂದು ಹೇಳಿ ಬಂದೆ. ಅವರ ಮುಖದಲ್ಲಿ ಬೇಸರಕ್ಕಿಂತ ನೆಮ್ಮದಿ ಹೆಚ್ಚಿತ್ತು.

ಕಚೇರಿಗೂ ಹೋಗಿದ್ದೆ. ಇನ್ನುಮೇಲೆ ಮಧ್ಯಾಹ್ನದ ಅತಿಥಿಗಳನ್ನಷ್ಟೇ ಕರೆದೊಯ್ಯುತ್ತೇನೆ, ಬೆಳಗಿನ ಹೊತ್ತು ಮನೆಯಲ್ಲಿ ಕೆಲಸವಿದೆ ಎಂದೆ. ಒಂದೇ ಉಸಿರಿಗೆ ಹೇಳಿದ್ದರಿಂದ ಅವರು ಇನ್ನೊಮ್ಮೆ ಹೇಳಿಸಿದರು. ಇನ್ನೊಮ್ಮೆಯೂ ಹೇಳಿದೆ.

ಹಾವಿನ ವರ್ಷಕ್ಕೆ ಹುಲಿ ಆಗದು ಎಂಬುದನ್ನು ನಾನು ಮರೆತಿಲ್ಲ. ಮೂಯ್ ಅಜ್ಜಿ ಹೇಳಿದ್ದು ನಿಜವೇ ಇದ್ದರೂ ಇರಬಹುದು. ರಾತ್ರಿ ಅದೇ ಯೋಚನೆ. ಅದಕ್ಕೇ ಇದನ್ನು ನಿಮ್ಮನ್ನು ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ನಾಳೆ ಬೆಳಗ್ಗೆ ನೀವು ಬಾಗಿಲು ತೆಗೆಯುವ ಮೊದಲೇ ನಾನು ಹಿಂಬಾಗಿಲಿಂದ ಹೊರಗೆ ಹೋಗಿ, ಬೀದಿ ಸುತ್ತಿ, ಮುಂದಿನಿಂದ ಬರುತ್ತೇನೆ. ನಿಮ್ಮ ಬೋಣಿಯ ಗಿರಾಕಿಯಾಗಿ ಸ್ಟೂಲಿನ ಮೇಲೆ ಕೂರುತ್ತೇನೆ. ಬೆಲೆ ಕೇಳುವುದಿಲ್ಲ. ಮೂರು ಚಮಚ ಕುಡಿಯುತ್ತೇನೆ. ಏನು ಹೆಚ್ಚು, ಏನು ಕಡಿಮೆ ಎಂದು ಬಾಯಿಬಿಟ್ಟು ಹೇಳುತ್ತೇನೆ, ನೀವು ಸರಿಮಾಡಿ. ಮತ್ತೆ ಕುಡಿದು ಮತ್ತೆ ಹೇಳುತ್ತೇನೆ. ಸರಿಯಾಗುವವರೆಗೆ ನಾನು ಏಳುವುದಿಲ್ಲ, ನೀವು ಇನ್ನೊಬ್ಬರಿಗೆ ಬಡಿಸಬೇಡಿ.

ಮಿಯೆನ್